ಸೆನ್ಸರ್ ಚಿಕ್ಕದಾದರೇನು, ಲೆನ್ಸ್ ಸರಿಯಿರಲಿ

ಕಿಟ್ ಲೆನ್ಸ್‌ನಲ್ಲಿ ಕೈ ಪಳಗಿಸಿಕೊಂಡವರು ಎರಡನೇ ಲೆನ್ಸ್ ಕೊಳ್ಳಲು ಹೊರಟರೆ ಎಲ್ಲರ ಬಾಯಲ್ಲೂ ಒಂದೇ ಸಲಹೆ: ‘ಕೊಳ್ಳುವುದಾದರೆ ಫುಲ್‌ಫ್ರೇಮ್ ಲೆನ್ಸನ್ನೇ ಕೊಳ್ಳಿ, ನಾಳೆ ಬಾಡಿ ಬದಲಿಸಿದರೂ ಉಪಯೋಗಕ್ಕೆ ಬರುತ್ತದೆ.’ ಕೇಳಲು ಜಾಣ ಮಾತು. ಆದರೆ ಇದನ್ನು ಹಾಗೇ ನಂಬಿ, ಸಾಲ ಮಾಡಿ ಭಾರದ ಲೆನ್ಸ್ ಕೊಂಡು, ಬೇಕಾದ ಚಿತ್ರ ಅದರಲ್ಲಿ ಬಾರದೆ ಬೇಸರಪಟ್ಟುಕೊಳ್ಳುವವರು ಬಹಳ. ಕೆಲವು ಲೆನ್ಸ್‌ಗಳ ಮಟ್ಟಿಗೆ ಈ ಸಲಹೆ ಅಪ್ಪಟ ಸತ್ಯ. ಇನ್ನು ಕೆಲವುಗಳ ಮಟ್ಟಿಗೆ ಶುದ್ಧ ತಪ್ಪು. ಯಾವುದು ಎಲ್ಲಿ ಎಂದು ತಿಳಿಯಲು ಸ್ವಲ್ಪ ಲೆಕ್ಕ ಗೊತ್ತಿದ್ದರೆ ಸಾಕು.

ಎರಡು ಅಳತೆಗಳು ಬಂದ ದಾರಿ

ಫುಲ್‌ಫ್ರೇಮ್ ಸೆನ್ಸರ್‌ನ ಅಳತೆ 36×24 ಮಿ.ಮೀ. ಇದು 35 ಎಂಎಂ ಫಿಲ್ಮ್‌ನ ಚೌಕಟ್ಟು. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮನ್ನು ಪುಟ್ಟ ಕ್ಯಾಮೆರಾಕ್ಕೆ ಒಗ್ಗಿಸಿ ರೂಪಿಸಿದ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಅಳತೆ ಜಗತ್ತಿನಲ್ಲೆಲ್ಲ ರೂಢಿಗೆ ಬಂತು. ಡಿಜಿಟಲ್ ಕಾಲ ಶುರುವಾದಾಗ ಅಷ್ಟಗಲದ ಸೆನ್ಸರ್ ತಯಾರಿಸುವುದು ವಿಪರೀತ ದುಬಾರಿಯಾಗಿತ್ತು. ಹಾಗಾಗಿ 1999ರ ನಿಕಾನ್ ಡಿ1 ಸುಮಾರು 24×16 ಮಿ.ಮೀ. ಸೆನ್ಸರ್‌ನೊಂದಿಗೆ ಬಂತು. ಕ್ರಾಪ್ ಸೆನ್ಸರ್ ಎಂದು ನಾವು ಕರೆಯುವುದು ಇದನ್ನೇ. ಕ್ಯಾನನ್‌ನದು ಇನ್ನೂ ತುಸು ಚಿಕ್ಕದು. ಫುಲ್‌ಫ್ರೇಮ್‌ಗೆ ಹೋಲಿಸಿದರೆ ನಿಕಾನ್, ಸೋನಿ ಕ್ರಾಪ್ ಸೆನ್ಸರ್ ಒಂದೂವರೆ ಪಟ್ಟು, ಕ್ಯಾನನ್‌ನದು 1.6 ಪಟ್ಟು ಸಣ್ಣದು.

ಲೆನ್ಸ್ ಒಳಗೆ ಬೀಳಿಸುವ ಬಿಂಬ ದುಂಡಗಿರುತ್ತದೆ. ಫುಲ್‌ಫ್ರೇಮ್‌ನ ನಾಲ್ಕು ಮೂಲೆಯನ್ನೂ ಮುಟ್ಟಲು ಆ ಬಿಂಬಕ್ಕೆ ಸುಮಾರು 43 ಮಿ.ಮೀ. ವ್ಯಾಸ ಬೇಕು, ಕ್ರಾಪ್ ಸೆನ್ಸರ್‌ಗೆ 28 ಮಿ.ಮೀ. ಸಾಕು. ಚಿಕ್ಕ ಬಿಂಬ ಸಾಕೆಂದರೆ ಗಾಜು, ತೂಕ, ಬೆಲೆ ಎಲ್ಲವನ್ನೂ ಇಳಿಸಬಹುದು. 2003ರಲ್ಲಿ ನಿಕಾನ್ ತನ್ನ ಮೊದಲ ಡಿಎಕ್ಸ್ ಲೆನ್ಸನ್ನೂ, ಕ್ಯಾನನ್ ತನ್ನ ಮೊದಲ ಇಎಫ್-ಎಸ್ ಲೆನ್ಸನ್ನೂ ತಂದದ್ದು ಈ ಲೆಕ್ಕದ ಮೇಲೆ.

ಲೆನ್ಸ್ ಮೈಮೇಲಿನ ಅಕ್ಷರ ನೋಡಿದರೆ ಅದು ಯಾವ ಜಾತಿಯದೆಂದು ತಿಳಿಯುತ್ತದೆ. ನಿಕಾನ್‌ನಲ್ಲಿ ಡಿಎಕ್ಸ್, ಕ್ಯಾನನ್‌ನಲ್ಲಿ ಇಎಫ್-ಎಸ್ ಮತ್ತು ಆರ್‌ಎಫ್-ಎಸ್, ಸಿಗ್ಮಾದಲ್ಲಿ ಡಿಸಿ ಎಂದಿದ್ದರೆ ಕ್ರಾಪ್‌ಗೆ ಮಾಡಿದ್ದು. ಸೋನಿಯಲ್ಲಿ ಎಫ್ಇ, ಸಿಗ್ಮಾದಲ್ಲಿ ಡಿಜಿ ಎಂದಿದ್ದರೆ ಫುಲ್‌ಫ್ರೇಮ್‌ನದು. ಕ್ರಾಪ್ ಲೆನ್ಸನ್ನು ಫುಲ್‌ಫ್ರೇಮ್ ಬಾಡಿಗೆ ಹಾಕಿದರೆ ನಿಕಾನ್ ಕ್ಯಾಮೆರಾ ತಾನಾಗಿ ಅಂಚು ಕತ್ತರಿಸಿಕೊಳ್ಳುತ್ತದೆ: ಡಿ850ರ 45.7 ಮೆಗಾಪಿಕ್ಸೆಲ್‌ಗಳಲ್ಲಿ 19.4 ಉಳಿಯುತ್ತವೆ. ಕ್ಯಾನನ್‌ನ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಇಎಫ್-ಎಸ್ ಲೆನ್ಸ್ ಕೂರುವುದೇ ಇಲ್ಲ.

50 ಎಂಎಂ ಎಂದೂ 75 ಆಗದು

ಕ್ರಾಪ್ ಬಾಡಿಗೆ ಹಾಕಿದ ಕೂಡಲೇ 50 ಎಂಎಂ ಲೆನ್ಸ್ 75 ಆಗಿಬಿಡುತ್ತದೆ ಎಂಬ ಮಾತನ್ನು ತಿದ್ದಿಕೊಳ್ಳಬೇಕು. ಲೆನ್ಸ್ ಬದಲಾಗುವುದಿಲ್ಲ. ಕಿಟಕಿಯ ಎರಡೂ ಬದಿಗೆ ಪರದೆ ಎಳೆದರೆ ಹೊರಗಿನ ಮರ ಹತ್ತಿರ ಬರುವುದಿಲ್ಲ, ಕಾಣುವ ನೋಟ ಮಾತ್ರ ಕಿರಿದಾಗುತ್ತದೆ, ಇಲ್ಲಿಯೂ ಅಷ್ಟೇ. ದೂರದ ಹಕ್ಕಿಯ ವಿವರ ಹೆಚ್ಚು ಸಿಗುವುದು ಸೆನ್ಸರ್‌ನಲ್ಲಿ ಪಿಕ್ಸೆಲ್‌ಗಳು ಒತ್ತೊತ್ತಾಗಿದ್ದಾಗ. ಕ್ರಾಪ್ ಸೆನ್ಸರ್‌ನ ನಿಕಾನ್ ಡಿ500ರಲ್ಲಿರುವುದು 20.9 ಮೆಗಾಪಿಕ್ಸೆಲ್. ಅದೇ ಲೆನ್ಸ್ ಹಾಕಿದ ಡಿ850ರ ಚಿತ್ರವನ್ನು ಅಷ್ಟೇ ಅಳತೆಗೆ ಕತ್ತರಿಸಿದರೆ ಹಕ್ಕಿಯ ರೆಕ್ಕೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ವಿವರ. ಆದರೆ ಡಿ500 ಕೊಳ್ಳಲು ಅಷ್ಟು ಹಣ ಬೇಕಿರಲಿಲ್ಲ. ಹಕ್ಕಿಯ ಬೆನ್ನು ಬಿದ್ದವರು ಕ್ರಾಪ್ ಬಾಡಿಯನ್ನು ಮೆಚ್ಚುವುದು ಈ ಕಾರಣಕ್ಕೆ.

ಅಗಲದ ನೋಟಕ್ಕೆ ಕ್ರಾಪ್ ಲೆನ್ಸ್

ಹಂಪಿಯ ವಿರೂಪಾಕ್ಷ ಗೋಪುರವನ್ನು ಹತ್ತಿರದಿಂದಲೇ ಪೂರ್ತಿ ಹಿಡಿಯಬೇಕು, ಪಶ್ಚಿಮಘಟ್ಟದ ಸಾಲುಬೆಟ್ಟ ಒಂದೇ ಚೌಕಟ್ಟಿನಲ್ಲಿ ಬರಬೇಕು ಎಂದರೆ ವೈಡ್ ಲೆನ್ಸ್ ಬೇಕು. ಇಲ್ಲಿ ಫುಲ್‌ಫ್ರೇಮ್ ಲೆನ್ಸ್ ಕೊಂಡವರಿಗೆ ನಷ್ಟವೇ. ನಿಕಾನ್‌ನ ಹೆಸರಾಂತ 14-24 ಎಂಎಂ ಎಫ್/2.8 ಸುಮಾರು ಒಂದು ಕಿಲೋ ತೂಗುತ್ತದೆ. ಕ್ರಾಪ್ ಬಾಡಿಯ ಮೇಲೆ ಅದರ ನೋಟ 21-36ರಷ್ಟಕ್ಕೆ ಕಿರಿದಾಗುತ್ತದೆ. ಡಿಎಕ್ಸ್ 10-20 ಎಂಎಂ ತೂಗುವುದು 230 ಗ್ರಾಂ. ಕೊಡುವ ನೋಟ 15-30ರಷ್ಟು. ಅಪರ್ಚರ್ ಅಷ್ಟು ದೊಡ್ಡದಲ್ಲ, ನಿಜ. ಆದರೆ ಟ್ರೈಪಾಡ್ ಮೇಲೆ ಎಫ್/8ರಲ್ಲಿ ಬೆಟ್ಟ ತೆಗೆಯುವವರಿಗೆ ಅದರಿಂದ ತೊಂದರೆಯೇನೂ ಇಲ್ಲ. ಮದುವೆ ಫೋಟೊಗ್ರಾಫರ್‌ಗಳ ನೆಚ್ಚಿನ 24-70 ಕೂಡ ಕ್ರಾಪ್ ಮೇಲೆ 36ರಿಂದ ಶುರು. ಕಲ್ಯಾಣಮಂಟಪದ ಇಕ್ಕಟ್ಟಿನಲ್ಲಿ ಹಸೆಮಣೆಯ ಸುತ್ತ ನಿಂತ ಬಂಧುಬಳಗವನ್ನೆಲ್ಲ ಅದರಲ್ಲಿ ತುಂಬಿಸುವುದು ಕಷ್ಟ.

ಕ್ರಾಪ್ ಲೆನ್ಸ್ ಎಂದರೆ ಎರಡನೇ ದರ್ಜೆ ಎಂಬ ಭಾವನೆಯನ್ನೂ ಬಿಡಬೇಕು. ಸಿಗ್ಮಾ 2013ರಲ್ಲಿ ತಂದ 18-35 ಎಂಎಂ, ಜೂಮ್‌ನ ಉದ್ದಕ್ಕೂ ಎಫ್/1.8 ಕೊಡುವ ಲೆನ್ಸ್. ಡಿಎಸ್‌ಎಲ್‌ಆರ್‌ಗೆ ಅಂಥ ಜೂಮ್ ಅದೇ ಮೊದಲು. ಅದು ಸಾಧ್ಯವಾದದ್ದು ಚಿಕ್ಕ ಸೆನ್ಸರ್‌ಗೆಂದೇ ರೂಪಿಸಿದ್ದರಿಂದ.

ದೂರದ ನೋಟಕ್ಕೆ ಫುಲ್‌ಫ್ರೇಮ್ ಲೆನ್ಸ್

ಟೆಲಿ ಲೆನ್ಸ್‌ಗೆ ಬಂದರೆ ಲೆಕ್ಕ ತಿರುವುಮುರುವು. 500 ಎಂಎಂ, ಎಫ್/5.6 ಎಂದರೆ ಬೆಳಕು ಒಳಬರುವ ಬಾಗಿಲೇ 500ನ್ನು 5.6ರಿಂದ ಭಾಗಿಸಿದಷ್ಟು, ಸುಮಾರು 89 ಮಿ.ಮೀ. ಇರಬೇಕು. ಸೆನ್ಸರ್ ಎಷ್ಟೇ ಚಿಕ್ಕದಾದರೂ ಈ ಅಳತೆ ಇಳಿಯದು. ಹಾಗಾಗಿ ನಿಕಾನ್, ಕ್ಯಾನನ್ ಎರಡೂ ಕ್ರಾಪ್‌ಗೆಂದೇ 500 ಎಂಎಂ ಲೆನ್ಸ್ ಮಾಡಲು ಹೋಗಿಲ್ಲ. 2015ರ ನಿಕಾನ್ 200-500 ಎಫ್/5.6, ಸಿಗ್ಮಾ ಮತ್ತು ಟ್ಯಾಮ್ರಾನ್‌ಗಳ 150-600 ಎಲ್ಲವೂ ಫುಲ್‌ಫ್ರೇಮ್ ಲೆನ್ಸ್‌ಗಳು. ಕಬಿನಿಯ ಸಫಾರಿಗೂ ಹಕ್ಕಿಗಳಿಗೂ ಇಂಥದ್ದನ್ನು ಕ್ರಾಪ್ ಬಾಡಿಗೆ ಧೈರ್ಯವಾಗಿ ಕೊಳ್ಳಬಹುದು. ನಾಳೆ ಬಾಡಿ ಬದಲಾದರೂ ಲೆನ್ಸ್ ಉಳಿಯುತ್ತದೆ. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಹತ್ತಿರವೇ ಹಾಯುವುದರಿಂದ ಅಲ್ಲಿಗೆ ಹಗುರ 70-300 ಕೂಡ ಸಾಕು.

ಬೆಳಕು ಕಡಿಮೆ ಇರುವಲ್ಲಿ

ರಾತ್ರಿ ಯಕ್ಷಗಾನ ತೆಗೆಯುವವರು ಫುಲ್‌ಫ್ರೇಮ್ ಬಾಡಿಗಾಗಿ ಹಂಬಲಿಸುತ್ತಾರೆ. ಒಂದೇ ಅಪರ್ಚರ್, ಒಂದೇ ಶಟರ್ ಸ್ಪೀಡ್‌ನಲ್ಲಿ ಫುಲ್‌ಫ್ರೇಮ್ ಸೆನ್ಸರ್ ಒಟ್ಟಾರೆ ಸುಮಾರು 2.25 ಪಟ್ಟು ಬೆಳಕು ಹಿಡಿಯುತ್ತದೆ. ಚಿತ್ರದ ಕಾಳುಕಾಳು ಅಷ್ಟರ ಮಟ್ಟಿಗೆ ಕಡಿಮೆಯಾಗುವುದು ಖಂಡಿತ. ಆದರೆ ಕಿಟ್ ಲೆನ್ಸ್‌ನ 55 ಎಂಎಂ, ಎಫ್/5.6 ಬಿಟ್ಟು 50 ಎಂಎಂ ಎಫ್/1.8 ಹಾಕಿದರೆ ಬೆಳಕು ಒಂಬತ್ತು ಪಟ್ಟಿಗೂ ಹೆಚ್ಚು. ಬಾಡಿ ಬದಲಿಸಿ ಪಡೆಯುವುದಕ್ಕಿಂತ ನಾಲ್ಕು ಪಟ್ಟು ಲಾಭ, ಬೆಲೆಯೋ ಅದರ ಒಂದು ಸಣ್ಣ ಪಾಲು. ಈ 50 ಎಂಎಂ ಫುಲ್‌ಫ್ರೇಮ್ ಲೆನ್ಸೇ ಆದರೂ ಕ್ರಾಪ್ ಮೇಲೆ 75ರ ನೋಟ ಕೊಡುವುದರಿಂದ ವೇಷಧಾರಿಯ ಮುಖಭಾವ ಹಿಡಿಯಲು ಹೇಳಿ ಮಾಡಿಸಿದ್ದು.

ಹಣ ಕೊಡುವ ಮುನ್ನ ಎರಡು ಕೆಲಸ ಮಾಡಿ. ಕಳೆದ ವರ್ಷ ತೆಗೆದು ನಿಮಗೇ ಮೆಚ್ಚಿಗೆಯಾದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಪ್ರತಿಯೊಂದನ್ನೂ ಎಷ್ಟು ಎಂಎಂನಲ್ಲಿ ತೆಗೆದಿರೆಂದು ನೋಡಿ. ಚಿತ್ರದ ಮಾಹಿತಿಯಲ್ಲೇ ಅದು ದಾಖಲಾಗಿರುತ್ತದೆ. 18ರಲ್ಲಿ ತೆಗೆದವೇ ಹೆಚ್ಚಿದ್ದರೆ ನಿಮಗೆ ಬೇಕಿರುವುದು ವೈಡ್. ಜೂಮ್‌ನ ತುತ್ತತುದಿಯಲ್ಲಿ ತೆಗೆದವೇ ಹೆಚ್ಚಿದ್ದರೆ ಟೆಲಿ. ಆಮೇಲೆ ಮನಸ್ಸಿಗೆ ಬಂದ ಲೆನ್ಸನ್ನು ಎರಡು ದಿನ ಬಾಡಿಗೆಗೆ ತಂದು, ಹೆಗಲಿಗೆ ಹಾಕಿಕೊಂಡು ತಿರುಗಾಡಿ. ಹೊರಲಾಗದ ಲೆನ್ಸ್ ಮನೆಯಲ್ಲೇ ಉಳಿಯುತ್ತದೆ.

ದೊಡ್ಡ ಗಾತ್ರದಲ್ಲಿ ಚಿತ್ರ ಮುದ್ರಿಸುವವರು, ಕತ್ತಲಲ್ಲೇ ಹೊಟ್ಟೆಪಾಡು ನಡೆಸುವವರು ಫುಲ್‌ಫ್ರೇಮ್‌ಗೆ ಹೋಗಲಿ, ಅವರಿಗೆ ಅದು ದುಡಿಯುವ ಸಾಧನ. ಉಳಿದವರು ವೈಡನ್ನು ಇಂದಿನ ಕ್ಯಾಮೆರಾಕ್ಕೆಂದು ಕೊಳ್ಳಿ, ಟೆಲಿಯನ್ನು ಮುಂದಿನ ಕ್ಯಾಮೆರಾಕ್ಕೂ ಸೇರಿಸಿ ಕೊಳ್ಳಿ. ಎಂದೋ ಬರಬಹುದಾದ ಬಾಡಿಗಾಗಿ ಈ ವರ್ಷದ ಚಿತ್ರಗಳನ್ನು ಕಳೆದುಕೊಳ್ಳಬೇಡಿ.