ಬೇಲಿ ಕಿತ್ತ ಮೇಲೆ ಬಂದ ಜನ

ಪಾರ್ಕಿನಲ್ಲಿ ಪುಂಡರ ಕಾಟ ಎಂಬ ದೂರು ಬಂದೊಡನೆ ನಮ್ಮ ನಗರಗಳಿಗೆ ಹೊಳೆಯುವ ಮದ್ದು ಒಂದೇ: ಗ್ರಿಲ್ ಎತ್ತರಿಸು, ಗೇಟಿಗೆ ಬೀಗ ಜಡಿ. ಈ ಮದ್ದೇ ರೋಗವನ್ನು ಬಲಿಸಬಹುದು ಎಂಬುದಕ್ಕೆ ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್ ಒಳ್ಳೆಯ ಸಾಕ್ಷಿ. ಮ್ಯಾನ್‌ಹಟನ್ನಿನ ನಟ್ಟನಡುವೆ, 42ನೇ ಬೀದಿಯ ಪಕ್ಕದಲ್ಲಿ, ಅಲ್ಲಿನ ಸಾರ್ವಜನಿಕ ಗ್ರಂಥಾಲಯದ ಬೆನ್ನಿಗಿರುವ ಜಾಗವಿದು. 1934ರಲ್ಲಿ ಇದಕ್ಕೆ ಹೊಸ ರೂಪ ಕೊಟ್ಟವರು, ಬೀದಿಯ ಗದ್ದಲ ಒಳಗೆ ಬಾರದಿರಲಿ ಎಂದು ನೆಲವನ್ನು ರಸ್ತೆಮಟ್ಟಕ್ಕಿಂತ ಎತ್ತರದಲ್ಲಿಟ್ಟು, ಸುತ್ತ ಕಬ್ಬಿಣದ ಬೇಲಿಯನ್ನೂ ಒತ್ತಾದ ಗಿಡಗಳ ಸಾಲನ್ನೂ ನಿಲ್ಲಿಸಿದರು. ಉದ್ದೇಶವೇನೋ ಒಳ್ಳೆಯದೇ. ಆದರೆ ಹೊರಗಿನವರಿಗೆ ಒಳಗೇನು ನಡೆಯುತ್ತಿದೆ ಎಂದು ಕಾಣಲಿಲ್ಲ, ಒಳಹೋದವರಿಗೆ ಬೇಗ ಹೊರಬರುವ ದಾರಿ ಇರಲಿಲ್ಲ. 1970ರ ದಶಕದ ಹೊತ್ತಿಗೆ ಪಾರ್ಕು ಮಾದಕವಸ್ತು ಮಾರುವವರ ಅಡ್ಡೆಯಾಗಿತ್ತು.

ಆಗ ಇದನ್ನು ಪರಿಶೀಲಿಸಿದವರು ವಿಲಿಯಂ ವೈಟ್. ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಂತು ಮಾತಾಡುತ್ತಾರೆ ಎಂದು ಕ್ಯಾಮೆರಾ ಹಿಡಿದು ವರ್ಷಗಟ್ಟಲೆ ಗಮನಿಸಿದ್ದವರು ಅವರು. ಮಾರಾಟಗಾರರು ಬಂದದ್ದರಿಂದ ಜನ ಹೋದರು ಎಂದು ಎಲ್ಲರೂ ನಂಬಿದ್ದರೆ, ಜನ ಹೋದದ್ದರಿಂದಲೇ ಅವರು ಬಂದರು ಎಂದು ವೈಟ್ ಹೇಳಿದರು. ಹೆಂಗಸರು ಕಡಿಮೆಯಾಗಿರುವ ಜಾಗದಲ್ಲಿ ಏನೋ ಕೆಟ್ಟಿದೆ ಎಂಬುದು ಅವರ ಇನ್ನೊಂದು ಅಳತೆಗೋಲು. ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. 1980ರಲ್ಲಿ ಪಾರ್ಕಿನ ಪುನಶ್ಚೇತನಕ್ಕೆಂದೇ ಒಂದು ಲಾಭರಹಿತ ಸಂಸ್ಥೆ ಹುಟ್ಟಿತು. 1988ರಲ್ಲಿ ಮುಚ್ಚಿದ ಪಾರ್ಕು 1992ರಲ್ಲಿ ತೆರೆದಾಗ ಬೇಲಿ, ಗಿಡಗಳ ಗೋಡೆ ಹೋಗಿದ್ದವು, ಪ್ರವೇಶದ್ವಾರಗಳು ಅಗಲವಾಗಿದ್ದವು. ಶೌಚಾಲಯ ಬಳಸುವಂತಾಗಿತ್ತು. ಹುಲ್ಲುಹಾಸಿನ ಅಡಿಯಲ್ಲಿ ಗ್ರಂಥಾಲಯಕ್ಕೆ ಪುಸ್ತಕ ಭಂಡಾರವೂ ಸಿದ್ಧವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನೆಲಕ್ಕೆ ಬಿಗಿದ ಬೆಂಚುಗಳ ಜೊತೆಗೆ ಎಲ್ಲಿಗೆ ಬೇಕಾದರೂ ಎಳೆದುಕೊಳ್ಳಬಹುದಾದ ಹಗುರ ಕುರ್ಚಿಗಳು ಬಂದವು. ಕಳವಾಗುತ್ತವೆ ಎಂದು ಯಾರಿಗಾದರೂ ಅನಿಸುವುದು ಸಹಜ. ಕುರ್ಚಿಗಳು ಇಂದಿಗೂ ಅಲ್ಲಿವೆ, ಸಾವಿರಗಳ ಲೆಕ್ಕದಲ್ಲಿ. ನೆರಳಿಗೋ ಬಿಸಿಲಿಗೋ ಗೆಳೆಯರ ಪಕ್ಕಕ್ಕೋ ಕುರ್ಚಿ ಸರಿಸಿಕೊಂಡು ಕೂತವರು ಆ ಜಾಗವನ್ನು ಅಷ್ಟು ಹೊತ್ತು ತಮ್ಮದೆಂದುಕೊಳ್ಳುತ್ತಾರೆ. ಹಾಗೆ ಕೂತ ನೂರು ಜನರ ಕಣ್ಣು ಮಾಡುವ ಕಾವಲನ್ನು ಬೀಗ ಮಾಡದು.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಮಾದಕವಸ್ತು ಮಾರುವವರು ಪಕ್ಕದ ಬೀದಿಗೆ ಹೋದರಷ್ಟೇ ಎನ್ನಬಹುದು. ಇರಬಹುದು, ಒಂದು ಪಾರ್ಕು ಇಡೀ ನಗರದ ವ್ಯಸನವನ್ನು ವಾಸಿಮಾಡಬೇಕೆಂಬುದು ಅತಿಯಾದ ನಿರೀಕ್ಷೆ. ಇದಕ್ಕಿಂತ ಗಟ್ಟಿಯಾದದ್ದು ಸಮಾಜಶಾಸ್ತ್ರಜ್ಞೆ ಶರಾನ್ ಜುಕಿನ್ ಎತ್ತಿದ ಪ್ರಶ್ನೆ. ಕಾಫಿ ಕುಡಿಯಬಲ್ಲವರಿಗೆ ಒಪ್ಪುವಂತೆ ಜಾಗವನ್ನು ಸಜ್ಜುಗೊಳಿಸಿದರೆ ಬಡವರು ಎಲ್ಲಿಗೆ ಹೋಗಬೇಕು? ಪಾರ್ಕನ್ನು ನಡೆಸುವ ಹಣ ಸುತ್ತಲಿನ ಆಸ್ತಿಗಳ ಮೇಲಿನ ವಿಶೇಷ ಶುಲ್ಕ, ಹೋಟೆಲ್ ಬಾಡಿಗೆ, ಕಾರ್ಯಕ್ರಮಗಳಿಂದ ಬರುತ್ತದೆ. ಹಣ ಕೊಡುವವರ ಮಾತು ನಡೆಯುವುದು ಲೋಕರೂಢಿ. ಫ್ಯಾಷನ್ ವೀಕಿನ ಡೇರೆಗಳು ವರ್ಷವರ್ಷವೂ ಹುಲ್ಲುಹಾಸನ್ನು ಆಕ್ರಮಿಸಿ, 2010ರಲ್ಲಷ್ಟೇ ಬೇರೆಡೆಗೆ ಹೋದವು. ಹಾಗಾಗಿ ಇಲ್ಲಿಂದ ಕಲಿಯಬೇಕಾದದ್ದು ಹಣದ ವ್ಯವಸ್ಥೆಯನ್ನಲ್ಲ, ದಿನದಿನದ ಆರೈಕೆಯನ್ನು. ಕಸ ಅಂದೇ ತೆಗೆಯುವುದಕ್ಕೆ, ಶೌಚಾಲಯ ತೊಳೆಯುವುದಕ್ಕೆ, ದೀಪ ಕೆಟ್ಟರೆ ಸರಿಪಡಿಸುವುದಕ್ಕೆ ಖಾಸಗಿ ಸಂಸ್ಥೆಯೇ ಬೇಕಿಲ್ಲ. ಸಂಬಳ ಸಿಗುವ, ಕೇಳುವವರಿರುವ ಪಾಲಿಕೆಯ ನೌಕರರು ಸಾಕು.

ಬೆಂಗಳೂರಿನ ಬಡಾವಣೆಯ ಪಾರ್ಕುಗಳು ಬೆಳಗಿನ ವಾಯುವಿಹಾರ ಮುಗಿದೊಡನೆ ಬಾಗಿಲು ಹಾಕಿ ಸಂಜೆ ತೆರೆಯುತ್ತಿದ್ದವು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನವಾಯಿತು. ಸರಿಯಾದ ಹೆಜ್ಜೆ, ಅರ್ಧದ್ದು. ಮಧ್ಯಾಹ್ನ ನೆರಳಿಗೆ ಬರುವ ಡೆಲಿವರಿ ಹುಡುಗರಿಗೆ, ಮನೆಗೆಲಸ ಮುಗಿಸಿ ಬರುವ ಹೆಂಗಸರಿಗೆ ಕುಡಿಯುವ ನೀರು, ಶೌಚಾಲಯ ಇಲ್ಲದಿದ್ದರೆ ತೆರೆದ ಗೇಟಿನಿಂದ ಹೆಚ್ಚೇನೂ ಆಗದು. ನಿಮ್ಮ ವಾರ್ಡಿನ ಪಾರ್ಕಿಗೆ ಮುಂದಿನ ಸಲ ಅನುದಾನ ಬಂದರೆ ಹೊಸ ಕಾಂಪೌಂಡಿನ ಬದಲು ಅವನ್ನು ಕೇಳಿ, ಜೊತೆಗೆ ಇಡೀ ದಿನ ಅಲ್ಲೇ ಇರುವ ಒಬ್ಬ ಮಾಲಿಯನ್ನು.