ಮೀನಿನ ತೊಟ್ಟಿಗೆ ಯಾವ ಪೈಪು?

ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟವರನ್ನು ಕೊನೆಗೆ ಸೋಲಿಸುವುದು ಬಕೆಟ್ಟು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ಸುಮಾರು 190 ಲೀಟರ್ ಹಿಡಿಯುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸುವುದಾದರೆ 48 ಲೀಟರ್ ಹೊರಕ್ಕೆ, 48 ಲೀಟರ್ ಒಳಕ್ಕೆ. ಮಗ್ಗಿನಲ್ಲಿ ಮೊಗೆದು, ನೆಲವೆಲ್ಲ ಒದ್ದೆ ಮಾಡಿಕೊಂಡು, ಸೊಂಟ ಹಿಡಿದುಕೊಳ್ಳುವ ಈ ಕೆಲಸ ವಾರದಿಂದ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಮುಂದಕ್ಕೆ ಹೋಗುತ್ತದೆ. ಅಪಾಯ ಇರುವುದು ಈ ಮುಂದೂಡಿಕೆಯಲ್ಲೇ.

ಮೀನಿನ ಕಿವಿರುಗಳಿಂದ ಅಮೋನಿಯಾ ಹೊರಬೀಳುತ್ತದೆ. ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಮರಳು, ಕಲ್ಲು, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಅಲ್ಲಿಂದ ನೈಟ್ರೇಟ್ ಮಾಡುತ್ತವೆ. ನೈಟ್ರೇಟಿನ ವಿಷ ಕಡಿಮೆ, ಆದರೆ ಗಿಡಗಳಿಲ್ಲದ ತೊಟ್ಟಿಯಲ್ಲಿ ಅದು ಕೂಡುತ್ತಲೇ ಹೋಗುತ್ತದೆ. ಈ ಕ್ರಿಯೆಯಲ್ಲಿ ಆಮ್ಲವೂ ಹುಟ್ಟಿ ನೀರು ಹುಳಿಯಾಗುತ್ತದೆ. ಹುಳಿ ಹೆಚ್ಚಿದಂತೆ ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ. ಅಮೋನಿಯಾ ಮಾತ್ರ ಅಷ್ಟಾಗಿ ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿ ಅಡಗಿ ಕೂರುತ್ತದೆ. ತಿಂಗಳುಗಟ್ಟಲೆ ಬಿಟ್ಟು ಒಂದು ಭಾನುವಾರ ಗಡಸು ಬೋರ್‌ವೆಲ್ ನೀರನ್ನು ಅರ್ಧ ತೊಟ್ಟಿ ಸುರಿದರೆ ಪಿಎಚ್ ಒಮ್ಮೆಲೇ ಏರುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷಕಾರಿ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ‘ನೀರು ಬದಲಿಸಿದ ಮೇಲೇ ಮೀನು ಸತ್ತವು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಲೆಕ್ಕ. ಆಗಾಗ, ಸ್ವಲ್ಪ ಸ್ವಲ್ಪವೇ ಬದಲಿಸುವುದು ಒಳ್ಳೆಯದು. ಹಾಗೆ ಮಾಡಬೇಕಾದರೆ ಕೆಲಸ ಸುಲಭವಾಗಿರಬೇಕು.

ಸುಲಭದ ಮೊದಲ ಸಾಧನ ಸೈಫನ್. ಬೀರೂರಿನಂಥ ಊರಿನಲ್ಲಿ ಅದಕ್ಕೆ ಮೀನಿನ ಅಂಗಡಿ ಹುಡುಕಬೇಕಿಲ್ಲ. ಗಾರೆಯವರು ಮಟ್ಟ ನೋಡಲು ಒಯ್ಯುವ ಪಾರದರ್ಶಕ ಲೆವೆಲ್ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ತೊಟ್ಟಿಯ ಅಂಚು ಹತ್ತಿ ಇಳಿಯುವ ಪೈಪಿನಲ್ಲಿ, ಹೊರಗೆ ಇಳಿಬಿದ್ದ ನೀರಿನ ತೂಕ ಒಳಗಿನದನ್ನು ಎಳೆಯುತ್ತದೆ. ಗಾಳಿಯ ಒತ್ತಡ ಆ ನೀರಿನ ಕಂಬ ತುಂಡಾಗದಂತೆ ನೋಡಿಕೊಳ್ಳುತ್ತದೆ. ವೇಗ ನಿರ್ಧಾರವಾಗುವುದು ತೊಟ್ಟಿಯ ನೀರಿನ ಮಟ್ಟಕ್ಕೂ ಪೈಪಿನ ಹೊರತುದಿಗೂ ಇರುವ ಎತ್ತರದ ಅಂತರದಿಂದ ಮತ್ತು ಪೈಪಿನ ಒಳವ್ಯಾಸದಿಂದ. ಅಂತರ 70 ಸೆಂ.ಮೀ., ಪೈಪಿನ ಉದ್ದ 3 ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ 12 ಮಿ.ಮೀ. ಪೈಪಿನಲ್ಲಿ ನಿಮಿಷಕ್ಕೆ ಸುಮಾರು 8 ಲೀಟರ್ ಇಳಿಯುತ್ತದೆ, 8 ಮಿ.ಮೀ. ಪೈಪಿನಲ್ಲಿ 3 ಲೀಟರ್ ಕೂಡ ಇಲ್ಲ. ವ್ಯಾಸ ಮೂರನೇ ಒಂದರಷ್ಟು ತಗ್ಗಿದರೆ ಹರಿವು ಮೂರನೇ ಒಂದಕ್ಕೆ ಕುಸಿಯುತ್ತದೆ.

ಪೈಪಿನ ಒಳತುದಿಗೆ ಅಗಲ ಬಾಯಿಯೊಂದು ಬೇಕು. ತಳ ಕತ್ತರಿಸಿದ ಅರ್ಧ ಲೀಟರಿನ ನೀರಿನ ಬಾಟಲಿ ಸಾಕು. ಅದರ ಕತ್ತಿಗೆ ಪೈಪು ಬಿಗಿಯಾಗಿ ಕೂರಬೇಕು. ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರಿಗೂ ಹೆಚ್ಚು ವೇಗದಲ್ಲಿ ಓಡುವ ನೀರು 6 ಸೆಂ.ಮೀ. ಅಗಲದ ಬಾಟಲಿಯಲ್ಲಿ ಕೇವಲ 5 ಸೆಂ.ಮೀ. ವೇಗದಲ್ಲಿ ಏರುತ್ತದೆ. ಬಾಟಲಿಯನ್ನು ಜಲ್ಲಿಗೆ ಚುಚ್ಚಿದರೆ ಕಲ್ಲುಗಳು ಒಂದಿಷ್ಟು ಎದ್ದು, ಉರುಳಾಡಿ, ಮತ್ತೆ ತಳಕ್ಕೆ ಬೀಳುತ್ತವೆ. ಹಗುರವಾದ ಕಂದು ಕಸ ಮಾತ್ರ ಹೊಗೆಯಂತೆ ಮೇಲೇರಿ ಪೈಪು ಸೇರುತ್ತದೆ.

ಸೈಫನ್ನಿನ ಒಂದೇ ತಕರಾರು ಅದನ್ನು ಶುರು ಮಾಡುವುದು. ಟ್ರ್ಯಾಕ್ಟರಿನ ಡೀಸೆಲ್ ಎಳೆದಂತೆ ಬಾಯಿ ಹಾಕಿ ಎಳೆದರೆ ತೊಟ್ಟಿಯ ರೋಗಾಣುಗಳು ಬಾಯಿಗೆ. ಪೈಪನ್ನು ಪೂರ್ತಿ ಮುಳುಗಿಸಿ, ಗಾಳಿ ಹೋದ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರತಂದರೆ ಆಯಿತು. ಇದೇ ಸಮಸ್ಯೆಯನ್ನು ದೊಡ್ಡ ಮಟ್ಟದಲ್ಲಿ ಬಿಡಿಸಿದವರು ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್. ಅವರ ಸೈಫನ್ನಿನ ಆಲಿಕೆಯ ಅಂಚಿನಲ್ಲಿರುವ ಬಾಗಿದ ರಚನೆಗಳು ತುಂಬಿ ಬಂದ ನೀರನ್ನು ಸುಳಿಯಾಗಿಸುತ್ತವೆ. ಸುಳಿ ಒಳಗಿನ ಗಾಳಿಯನ್ನು ಸೆಳೆದೊಯ್ದು ಸೈಫನ್ ತಾನಾಗಿ ಹರಿಯತೊಡಗುತ್ತದೆ. ಶರಾವತಿಗೆ ಅಡ್ಡಲಾಗಿ 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟಿನಲ್ಲಿ ಇಂಥ ಸೈಫನ್‌ಗಳಿವೆ. 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಅದು ಮುಳುಗಿತು. ಹಿನ್ನೀರು ಇಳಿದ ಬೇಸಿಗೆಗಳಲ್ಲಿ ಈಗಲೂ ತಲೆ ಎತ್ತುತ್ತದೆ.

ಎರಡನೆಯ ಸಾಧನ ನಲ್ಲಿಗೇ ಸಿಕ್ಕಿಸುವ ಉದ್ದದ ಪೈಪು. ನಲ್ಲಿ ತಿರುಗಿಸಿದರೆ ತೊಟ್ಟಿಯ ನೀರನ್ನು ಹೀರಿ ಸಿಂಕಿಗೆ ಬಿಡುತ್ತದೆ. ಕವಾಟ ಬದಲಿಸಿದರೆ ಅದೇ ಪೈಪಿನಲ್ಲಿ ಹೊಸ ನೀರು ತುಂಬುತ್ತದೆ. ಬೀರೂರು, ಕಡೂರು ಕಡೆಯ ಅಡಿಕೆ ಬೆಳೆಗಾರರಿಗೆ ಇದರ ಮರ್ಮ ಹೊಸದಲ್ಲ. ಡ್ರಿಪ್ ಲೈನಿಗೆ ರಸಗೊಬ್ಬರ ಕೊಡಲು ಜೋಡಿಸುವ ವೆಂಚುರಿ ಇದೇ: ನೀರು ಕಿರಿದಾದ ಕುತ್ತಿಗೆಯಲ್ಲಿ ನುಗ್ಗುವಾಗ ವೇಗ ಹೆಚ್ಚಿ, ಒತ್ತಡ ಇಳಿದು, ಪಕ್ಕದ ಬಕೆಟ್ಟಿನ ಗೊಬ್ಬರದ ದ್ರಾವಣವನ್ನು ಒಳಗೆಳೆಯುತ್ತದೆ. ಇಟಲಿಯ ಜೊವಾನಿ ಬಟಿಸ್ಟಾ ವೆಂಚುರಿ ಇದನ್ನು 1797ರಲ್ಲಿ ಬರೆದು ಪ್ರಕಟಿಸಿದ.

ತೋಟದಲ್ಲಿ ಮೋಟಾರಿನ ಒತ್ತಡವಿದೆ, ಮನೆಯಲ್ಲಿಲ್ಲ. ನಲ್ಲಿಗಿಂತ ಮೂರು ಮೀಟರ್ ಮೇಲಿರುವ ಸಿಂಟೆಕ್ಸ್ ಟ್ಯಾಂಕು ಚದರ ಸೆಂ.ಮೀ.ಗೆ 0.3 ಕೆ.ಜಿ. ಒತ್ತಡವನ್ನಷ್ಟೇ ಕೊಡುತ್ತದೆ, ಅಷ್ಟಕ್ಕೆ ಈ ಪೈಪು ಸೊರಗುತ್ತದೆ. ಹೀರುವ ಹೊತ್ತಿನಲ್ಲಿ ತೊಟ್ಟಿಯ ನೀರಿನಷ್ಟೇ ಒಳ್ಳೆಯ ನೀರೂ ಚರಂಡಿ ಪಾಲಾಗುವುದುಂಟು. ಬಾಬಾಬುಡನ್ ಗಿರಿಯ ಮಳೆನೆರಳಿನ ಈ ಬಯಲು ಸೀಮೆಯಲ್ಲಿ ಅದು ದುಬಾರಿ. ಇನ್ನೂ ಒಂದು ಅಪಾಯವಿದೆ. ಪೈಪಿನ ತುದಿ ತೊಟ್ಟಿಯಲ್ಲಿ ಮುಳುಗಿರುವಾಗಲೇ ಸರಬರಾಜು ನಿಂತರೆ ಸೈಫನ್ ತಿರುಗುಮುರುಗಾಗಿ, ಮೀನಿನ ನೀರು ಕುಡಿಯುವ ನೀರಿನ ಕೊಳವೆಗೆ ನುಗ್ಗಬಹುದು. ತುಂಬುವ ಪೈಪಿನ ತುದಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲಿರಬೇಕು.

ತುಂಬಲು ಇಲ್ಲಿಗೆ ಹೊಂದುವುದು ಒಂದು ಡ್ರಮ್ಮು, ಒಂದು ಕೂಲರ್ ಪಂಪು. ಸುಮಾರು 18 ವಾಟ್‌ನ ಪಂಪು ನೀರನ್ನು ತೊಟ್ಟಿಯ ಎತ್ತರಕ್ಕೆ ಆರಾಮವಾಗಿ ಏರಿಸುತ್ತದೆ. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ಗು ಕೀಳುವುದನ್ನು ಮರೆಯಬಾರದು. ಪುರಸಭೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಮಾನದಂಡ ಕೇಳುವ ಲೀಟರಿಗೆ 0.2 ಮಿಲಿಗ್ರಾಂ ಕೂಡ ಕಿವಿರಿಗೆ ಒಳ್ಳೆಯದಲ್ಲ. ಹಳೆಯ ಫೋಟೊ ಸ್ಟುಡಿಯೋಗಳ ‘ಹೈಪೊ’, ಅಂದರೆ ಸೋಡಿಯಂ ಥಯೋಸಲ್ಫೇಟ್, ಅದನ್ನು ಕೂಡಲೇ ಮುರಿಯುತ್ತದೆ. ಬೋರ್‌ವೆಲ್ ನೀರಿಗೆ ಹೈಪೊ ಬೇಡ, ಆದರೆ ಅದರಲ್ಲಿ ಆಮ್ಲಜನಕ ಕಡಿಮೆ ಇರಬಹುದಾದ್ದರಿಂದ ರಾತ್ರಿಯಿಡೀ ಡ್ರಮ್ಮಿನಲ್ಲಿ ಗಾಳಿಯಾಡಬೇಕು. ಏಪ್ರಿಲ್ ಮಧ್ಯಾಹ್ನ ತಾರಸಿ ಟ್ಯಾಂಕಿನಿಂದ ಬರುವ ಬಿಸಿ ನೀರನ್ನಂತೂ ನೇರ ಬಿಡಲೇಬಾರದು.

ಹೊರತೆಗೆದ ನೀರಿಗೂ ಬೆಲೆ ಇದೆ. ಫಿಲ್ಟರಿನ ಸ್ಪಂಜನ್ನು ಅದರಲ್ಲೇ ಹಿಂಡಿದರೆ ಬ್ಯಾಕ್ಟೀರಿಯಾ ಉಳಿಯುತ್ತವೆ. ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇದೆಯೆಂದರೆ ವಾರದ 48 ಲೀಟರಿನಲ್ಲಿ 0.43 ಗ್ರಾಂ ಸಾರಜನಕ, ವರ್ಷಕ್ಕೆ 22 ಗ್ರಾಂ. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ ಶಿಫಾರಸಾಗಿರುವುದು 100 ಗ್ರಾಂ. ಗೊಬ್ಬರದ ಖರ್ಚು ಇದರಿಂದ ಉಳಿಯದು, ಆದರೆ ಹಿತ್ತಲಿನ ಗಿಡಗಳಿಗೆ ವರ್ಷಕ್ಕೆ 2,500 ಲೀಟರ್ ನೀರು ಸಿಗುತ್ತದೆ.

ಪೈಪು ಕೊಳ್ಳುವ ಮುನ್ನ ಮಾಡಬೇಕಾದ ಕೆಲಸವೊಂದಿದೆ: ಮನೆಗೆ ಬರುವ ನೀರಿನ ನೈಟ್ರೇಟ್ ಪರೀಕ್ಷೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕರ್ನಾಟಕದ ಹಲವೆಡೆ ಅಂತರ್ಜಲ ಆ ಮಿತಿ ದಾಟಿದೆ. ತುಂಬುವ ನೀರಿನಲ್ಲೇ 50 ಇದ್ದರೆ ಎಷ್ಟು ಸಲ ಬದಲಿಸಿದರೂ ತೊಟ್ಟಿಯ ನೈಟ್ರೇಟ್ ಅದಕ್ಕಿಂತ ಕೆಳಗಿಳಿಯದು. ಅಂಥ ಮನೆಯಲ್ಲಿ ಮಳೆನೀರು ಬೆರೆಸಬೇಕು, ತೊಟ್ಟಿಯಲ್ಲಿ ಗಿಡ ಬೆಳೆಸಬೇಕು. ಮತ್ತೆ, ಆ ನೀರನ್ನು ಮನೆಯವರೂ ಕುಡಿಯುತ್ತಿದ್ದರೆ ಮೀನಿಗಿಂತ ಮೊದಲು ಅವರ ಬಗ್ಗೆ ಯೋಚಿಸಬೇಕು.