ಹಡಪದೊಳಗಿನ ಕಲ್ಲು

ಆದೋನಿಯಲ್ಲಿ ಕಲ್ಲಿಗೆ ಬರವಿಲ್ಲ. ಕೋಟೆ ಹೊತ್ತು ನಿಂತ ಬೆಟ್ಟವೇ ಗ್ರಾನೈಟ್ ಬಂಡೆಗಳ ರಾಶಿ. ಆದರೆ ಕ್ಷೌರದ ಕತ್ತಿ ಮಸೆಯುವ ಹಳೇ ಕಲ್ಲು ಹುಡುಕಿಕೊಂಡು ಬಂದವರಿಗೆ ಈ ಬೆಟ್ಟದಿಂದ ಉಪಯೋಗವಿಲ್ಲ. ಅವರು ನೋಡಬೇಕಾದದ್ದು ಕ್ಷೌರಿಕರು ಸಾಮಾನು ಇಟ್ಟುಕೊಳ್ಳುತ್ತಿದ್ದ ಹಳೇ ಹಡಪಗಳನ್ನು.

ಈ ಸೀಮೆಗೆ ಮಸೆಯುವ ಕೆಲಸ ಹೊಸದೇನಲ್ಲ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಹೋಗುವವರೆಗೆ ಬಳ್ಳಾರಿ ಜಿಲ್ಲೆಯವೇ. ಅದೇ ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಸಾವಿರಾರು ವರ್ಷಗಳ ಹಿಂದೆ ಕಲ್ಲುಕೊಡಲಿಯ ಕಾರ್ಖಾನೆಯೇ ನಡೆದಿತ್ತು. ಡಾಲರೈಟ್ ಕೊಡಲಿಗಳನ್ನು ಉಜ್ಜಿ ಉಜ್ಜಿ ನಯ ಮಾಡಿದ ತೋಡುಗಳು ಗ್ರಾನೈಟ್ ಬಂಡೆಗಳ ಮೇಲೆ ಈಗಲೂ ಇವೆ.

ಕೊಡಲಿಗೆ ಒಗ್ಗಿದ ಗ್ರಾನೈಟ್ ಕತ್ತಿಗೆ ಒಗ್ಗದು. ಅದರ ಕಾಳು ದಪ್ಪ, ಅಲಗು ಗರಗಸವಾಗುತ್ತದೆ. ಬೇತಂಚೆರ್ಲದ ಹಾಸುಗಲ್ಲು ನುಣುಪೇನೋ ಹೌದು, ಆದರೆ ಸುಣ್ಣಕಲ್ಲು ಉಕ್ಕಿಗಿಂತ ಮೆದು, ಸವೆಯುವುದು ಕಲ್ಲೇ. ಬೇಕಾದದ್ದು ಹಿಟ್ಟಿನಷ್ಟು ಸಣ್ಣ, ಉಕ್ಕಿಗಿಂತ ಗಡಸು ಕಣಗಳ ಕಲ್ಲು. ಬೆಲ್ಜಿಯಂನ ಹಳದಿ ಕೋಟಿಕ್ಯೂಲ್‌ನಲ್ಲಿ ಆ ಕೆಲಸ ಮಾಡುವುದು ಕಣ್ಣಿಗೆ ಕಾಣದ ಗಾರ್ನೆಟ್ ಹರಳುಗಳು. ಅಮೆರಿಕದ ಅರ್ಕಾನ್ಸಾಸ್ ಕಲ್ಲಿನಲ್ಲಿ ಸಿಲಿಕ. ಜರ್ಮನಿಯ ತುರಿಂಗಿಯಾದ ಬೂದು ಸ್ಲೇಟು, ಜಪಾನಿನ ಕ್ಯೋಟೊ ಸುತ್ತಲಿನ ಕಲ್ಲುಗಳೂ ಇದೇ ಜಾತಿಯವು. 1871ರಲ್ಲಿ ಮದ್ರಾಸಿನ ರೈಲು ಆದೋನಿ ಹಾದು ರಾಯಚೂರಿನಲ್ಲಿ ಬೊಂಬಾಯಿ ಹಳಿಗೆ ಕೂಡಿಕೊಂಡ ಮೇಲೆ ಪರದೇಶದ ಸಾಮಾನು ಈ ಹತ್ತಿಪೇಟೆಗೆ ಹತ್ತಿರವಾಯಿತು.

ಆಯಗಾರಿಕೆಯ ಕಾಲದಲ್ಲಿ ಕ್ಷೌರಿಕರಿಗೆ ಕೂಲಿ ಸಿಗುತ್ತಿದ್ದುದು ಸುಗ್ಗಿಯ ಕಾಳಿನಲ್ಲಿ. ಅಂಥವರಿಗೆ ಒಳ್ಳೆಯ ಕಲ್ಲೆಂದರೆ ಆಸ್ತಿ. ಮಸೆಯುವ ರೀತಿಯೂ ಅಷ್ಟೇ ಹುಷಾರಿನದು. ಕಲ್ಲಿಗೆ ನೀರು ಚಿಮುಕಿಸಿ, ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಒಟ್ಟಿಗೆ ತಾಗುವಂತೆ ಮಲಗಿಸಿ, ಬಾಯಿ ಮುಂದಾಗಿ ಎಳೆಯಬೇಕು. ಬೆನ್ನಿನ ಮೇಲೆ ಹೊರಳಿಸಿ ಮತ್ತೆ ಎಳೆಯಬೇಕು. ಬೆನ್ನು ಎದ್ದರೆ ಬಾಯಿ ಕೆಟ್ಟಿತು. ಆಮೇಲೆ ಚರ್ಮದ ಪಟ್ಟಿ. ಅಲ್ಲಿ ಬೆನ್ನು ಮುಂದು. ಮುಂಗೈ ಕೂದಲು ಸದ್ದಿಲ್ಲದೆ ಹಾರಿದರೆ ಕತ್ತಿ ಸಿದ್ಧ.

ಈ ಹಳೇ ಕಲ್ಲುಗಳಿಗೆ ಮೊದಲ ಪೆಟ್ಟು ಕಾರ್ಬೊರಂಡಮ್ಮಿನದು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕುಲುಮೆಯಲ್ಲಿ ಮಾಡಿದ ಗಡಸು ಪುಡಿ ಅದು; ಅದರಿಂದ ಕೃತಕ ಮಸೆಗಲ್ಲುಗಳಾದವು. 1954ರಲ್ಲಿ ಮದ್ರಾಸಿನಲ್ಲಿ ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ಶುರುವಾಯಿತು. ಕಡೆಯ ಪೆಟ್ಟು ಏಡ್ಸ್ ಭಯದ್ದು. 1986ರಲ್ಲಿ ದೇಶದ ಮೊದಲ ಎಚ್‌ಐವಿ ಪ್ರಕರಣಗಳು ಮದ್ರಾಸಿನಲ್ಲಿ ಪತ್ತೆಯಾದ ಮೇಲೆ ಒಬ್ಬರಿಗೆ ಬಳಸಿದ ಕತ್ತಿ ಇನ್ನೊಬ್ಬರ ಗಲ್ಲಕ್ಕೆ ತಾಗಬಾರದೆಂಬ ಮಾತು ಬಲವಾಯಿತು. ಸಲೂನಿಗೆ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಬಂತು. ಒಳ್ಳೆಯದೇ ಆಯಿತು, ಅದರ ಬಗ್ಗೆ ಹಳಹಳಿಕೆ ಬೇಡ.

ಹೀಗೆ ಕೆಲಸ ಕಳೆದುಕೊಂಡ ಕಲ್ಲುಗಳಿಗೆ ಈಗ ಜಗತ್ತಿನೆಲ್ಲೆಡೆ ಹವ್ಯಾಸಿಗಳು ಗಿರಾಕಿಗಳು. ಗುಜರಿಯಲ್ಲಿ ಸಿಕ್ಕ ಜಿಡ್ಡುಗಲ್ಲನ್ನು ಮೊದಲು ಸೋಪಿನಿಂದ ತಿಕ್ಕಿ ತೊಳೆಯಿರಿ. ಬಿಸಿಲಿಗೆ ಹಿಡಿದಾಗ ಕಾಳುಕಾಳಾಗಿ ಮಿನುಗಿ, ಒಂದು ಮೈ ಒರಟು, ಇನ್ನೊಂದು ನಯ ಇದ್ದರೆ ಅದು ಬಹುಮಟ್ಟಿಗೆ ಕಾರ್ಬೊರಂಡಮ್. ಅಡುಗೆಮನೆಯ ಚಾಕುವಿಗೆ ಸಾಕು. ಹಳದಿ ಪದರದ ಕೆಳಗೆ ನೇರಳೆ ಛಾಯೆಯ ಪದರ ಕಂಡರೆ ಕೋಟಿಕ್ಯೂಲ್ ಇರಬಹುದು. ಉಗುರು ಎಳೆದು ನೋಡಿ, ಬಿರುಕಿದ್ದರೆ ತಡೆಯುತ್ತದೆ. ನಡುವೆ ತಗ್ಗಾಗಿದ್ದರೆ ಹೆದರಬೇಡಿ. ಸಮತಟ್ಟಾದ ಕಡಪ ಕಲ್ಲಿನ ಮೇಲೆ ಉಜ್ಜುಕಾಗದ ಹಾಸಿ ತೀಡಿದರೆ ಮಟ್ಟವಾಗುತ್ತದೆ. ಮೂಲೆ ಮುರಿದದ್ದೂ ಕತ್ತಿಗೆ ಅಡ್ಡಿಯಲ್ಲ, ಬೆಲೆ ಮಾತ್ರ ಇಳಿಯುತ್ತದೆ.

ಕ್ಷೌರಿಕರ ಮನೆಯಲ್ಲೇ ಅಂಥ ಕಲ್ಲು ಸಿಕ್ಕರೆ ಅದು ಏನು, ಹೊರಗೆ ಅದಕ್ಕೆ ಎಷ್ಟು ಬೆಲೆ ಎಂಬುದನ್ನು ಮೊದಲು ಅವರಿಗೆ ಹೇಳಿ. ಆಮೇಲೆ ಅವರು ಕೊಡಲು ಒಪ್ಪಿದರೆ ಆ ಬೆಲೆಗೇ ಕೊಳ್ಳಿ, ಗುಜರಿ ಲೆಕ್ಕದಲ್ಲಿ ಬೇಡ.